ಬಿಚ್ಚಿ ಜೋಡಿಸುವ ಲ್ಯಾಪ್‌ಟಾಪ್: ದುಡ್ಡು ಕಟ್ಟುವ ಮೊದಲು ಸ್ಪೇರಿನ ಲೆಕ್ಕ ಹಾಕುವುದು ಹೇಗೆ?

ಸಕಲೇಶಪುರದ ಕಡೆ ಎಸ್ಟೇಟಿನವರು ಕಳೆ ಕತ್ತರಿಸುವ ಮಷೀನ್ ಕೊಳ್ಳುವಾಗ ಅಂಗಡಿಯವರಿಗೆ ಮೊದಲು ಕೇಳುವುದು ಬೆಲೆಯನ್ನಲ್ಲ. 'ಸ್ಪೇರು ಇಲ್ಲೇ ಸಿಗುತ್ತಾ?' ಅಂತ ಕೇಳುತ್ತಾರೆ. ಮಳೆಗಾಲದ ಮಧ್ಯೆ ಮಷೀನ್ ನಿಂತರೆ ಏನಾಗುತ್ತೆ ಅಂತ ಅವರಿಗೆ ಗೊತ್ತು. ಅದೇ ಮನೆಯ ಹುಡುಗ ಒಂದೂವರೆ ಲಕ್ಷ ಕೊಟ್ಟು ಲ್ಯಾಪ್‌ಟಾಪ್ ತರಿಸುವಾಗ ಮಾತ್ರ ಆ ಪ್ರಶ್ನೆ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ಹಾಸನದಲ್ಲಿ ಲ್ಯಾಪ್‌ಟಾಪ್ ರಿಪೇರಿ ನನ್ನ ಕಸುಬು. ಈಚೆಗೆ ಅಂಗಡಿಗೆ ಬರುವ ಇಂಜಿನಿಯರಿಂಗ್ ಹುಡುಗರು, ಮನೆಯಿಂದಲೇ ಕೆಲಸ ಮಾಡುವವರು ಮಾಡ್ಯುಲರ್ ಲ್ಯಾಪ್‌ಟಾಪ್ ಬಗ್ಗೆ ಕೇಳುತ್ತಾರೆ. ಅಂದರೆ ಬ್ಯಾಟರಿ, ಕೀಬೋರ್ಡ್, ಪರದೆ, ಮದರ್‌ಬೋರ್ಡ್, ಪೋರ್ಟು ಎಲ್ಲವನ್ನೂ ಮಾಲೀಕರೇ ಬಿಚ್ಚಿ ಬದಲಿಸಬಹುದಾದ ಯಂತ್ರ. ಇದರಲ್ಲಿ ಹೆಚ್ಚು ಹೆಸರು ಮಾಡಿರುವುದು ಅಮೆರಿಕದ ಫ್ರೇಮ್‌ವರ್ಕ್. 2021ರಲ್ಲಿ ಮೊದಲ ಲ್ಯಾಪ್‌ಟಾಪ್ ಬಿಟ್ಟರು. ಜೊತೆಗೆ ಸ್ಕ್ರೂಡ್ರೈವರನ್ನೂ ಕೊಡುತ್ತಾರೆ. ಒಳಗಿನ ಪಾರ್ಟುಗಳ ಮೇಲೆ ಕ್ಯೂಆರ್ ಕೋಡ್ ಇರುತ್ತೆ, ಸ್ಕ್ಯಾನ್ ಮಾಡಿದರೆ ಬದಲಿಸುವ ವಿಧಾನ ಬರುತ್ತೆ. ಅಂಟು ಹಾಕಿ ಮುಚ್ಚಿದ ತೆಳು ಲ್ಯಾಪ್‌ಟಾಪುಗಳನ್ನು ಬಿಸಿಗಾಳಿ ಹೊಡೆದು ಬಿಡಿಸಿ ಬೆರಳು ಸುಟ್ಟುಕೊಂಡವನಿಗೆ ಇದು ಇಷ್ಟವಾಗದೆ ಇರುತ್ತಾ?

ಆದರೂ ಇಂಥ ಯಂತ್ರ ಕೊಂಡವರು ಎಡವಿದ್ದನ್ನು ನೋಡಿದ್ದೇನೆ. ಎಲ್ಲರೂ ಎಡವಿದ್ದು ಒಂದೇ ಕಡೆ. ಹಾಗಾಗಿ ಈ ಲೇಖನದಲ್ಲಿ ಮೂರನೇ ಹಂತ ಉದ್ದ ಇದೆ. ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ಹಂತ 1: ನೀವು ಬಿಚ್ಚುತ್ತೀರಾ?

ಸ್ಕ್ರೂಡ್ರೈವರ್ ಹಿಡಿಯಲು ಭಯವಿದ್ದರೆ ಇಲ್ಲಿಗೇ ನಿಲ್ಲಿಸಿ, ಮಾಮೂಲಿ ಲ್ಯಾಪ್‌ಟಾಪ್ ತೆಗೆದುಕೊಳ್ಳಿ. 'ಅಂಗಡಿಯಲ್ಲಿ ಮಾಡಿಸಿದರಾಯ್ತು' ಅನ್ನುವವರು ಈ ಜಾತಿಯ ಲ್ಯಾಪ್‌ಟಾಪಿಗೆ ಜಾಸ್ತಿ ದುಡ್ಡು ಕೊಡುವುದು ದಂಡ.

ಹಂತ 2: ಯಾವ ಪಾರ್ಟು ಯಾರ ಹತ್ತಿರ ಸಿಗುತ್ತೆ?

ಒಂದು ಹಾಳೆ ತೆಗೆದುಕೊಂಡು ಎರಡು ಪಟ್ಟಿ ಮಾಡಿ. ಯಾವ ಕಂಪನಿಯದಾದರೂ ನಡೆಯುವ ಪಾರ್ಟು ಒಂದು ಕಡೆ. ರ್‍ಯಾಮ್, ಎಸ್‌ಎಸ್‌ಡಿ, ವೈಫೈ ಕಾರ್ಡ್ ಈ ಕಡೆ ಬರುತ್ತವೆ. ಇವು ಹಾಸನದಲ್ಲೂ ಸಿಗುತ್ತವೆ. ಆ ಕಂಪನಿಯದೇ ಬೇಕಾದ ಪಾರ್ಟು ಇನ್ನೊಂದು ಕಡೆ. ಬ್ಯಾಟರಿ, ಕೀಬೋರ್ಡ್, ಪರದೆ, ಹಿಂಜ್ (ಪರದೆ ಮಡಚುವ ಕೀಲು), ಮದರ್‌ಬೋರ್ಡ್, ಪೋರ್ಟ್ ಕಾರ್ಡ್ (ಯುಎಸ್‌ಬಿ, ಎಚ್‌ಡಿಎಂಐ ಪೋರ್ಟಿರುವ, ಕಳಚಿ ಹಾಕುವ ತುಂಡು) ಎಲ್ಲ ಇಲ್ಲಿ ಬರುತ್ತವೆ.

ಬರೆದು ಮುಗಿಸಿದ ಮೇಲೆ ನೋಡಿ. ಸುಲಭವಾಗಿ ಸಿಗುವ ಪಾರ್ಟುಗಳನ್ನು ಎಷ್ಟೋ ಮಾಮೂಲಿ ಲ್ಯಾಪ್‌ಟಾಪುಗಳಲ್ಲೂ ಬದಲಿಸಬಹುದು. ಅದಕ್ಕೆ ಮಾಡ್ಯುಲರ್ ಬೇಕಿಲ್ಲ. ನೀವು ಜಾಸ್ತಿ ದುಡ್ಡು ಕೊಡುತ್ತಿರುವುದು ಎರಡನೇ ಪಟ್ಟಿಗೆ. ಆ ಪಟ್ಟಿಗೆ ಒಂದೇ ಅಂಗಡಿ, ಅದೂ ಬೇರೆ ದೇಶದಲ್ಲಿ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ. 'ಪ್ರೊಸೆಸರ್ ಬದಲಿಸಬಹುದು' ಅಂದರೆ ಚಿಪ್ ಕಿತ್ತು ಹೊಸದು ಕೂರಿಸುವುದಲ್ಲ. ಪ್ರೊಸೆಸರನ್ನು ಬೋರ್ಡಿಗೆ ಬೆಸುಗೆ ಹಾಕಿರುತ್ತಾರೆ. ಬದಲಿಸಿದರೆ ಇಡೀ ಬೋರ್ಡ್ ಬದಲಿಸಬೇಕು.

ಹಂತ 3: ಪಾರ್ಟು ನಿಮ್ಮ ಮನೆಗೆ ಬರುವ ದಾರಿ

ಎರಡನೇ ಪಟ್ಟಿಯ ಒಂದೊಂದು ಪಾರ್ಟಿನ ಮುಂದೆ ನಾಲ್ಕು ಕಾಲಂ ಎಳೆಯಿರಿ. ಇವತ್ತು ಸ್ಟಾಕ್ ಇದೆಯಾ? ಭಾರತಕ್ಕೆ ಕಳಿಸುತ್ತಾರಾ? ಸುಂಕ, ಸಾಗಣೆ ಸೇರಿ ಮನೆ ಬಾಗಿಲಿಗೆ ಎಷ್ಟು ಬೀಳುತ್ತೆ? ಎಷ್ಟು ದಿನ? ಹೆಚ್ಚಿನವರು ಮೊದಲ ಕಾಲಮ್ಮನ್ನೂ ನೋಡದೆ ದುಡ್ಡು ಕಟ್ಟುತ್ತಾರೆ.

ಸ್ಟಾಕ್ ನೋಡುವಾಗ ಒಂದು ದಿನ ನೋಡಿ ಬಿಡಬೇಡಿ. ತಿಂಗಳಲ್ಲಿ ನಾಲ್ಕು ಸಲ ನೋಡಿ. ಪಾರ್ಟಿನ ಚಿತ್ರ ಇದೆ, ಬೆಲೆ ಇದೆ, ಕೆಳಗೆ ಸಣ್ಣದಾಗಿ 'ಬಂದಾಗ ತಿಳಿಸುತ್ತೇವೆ' ಅಂತ ಇದೆ ಅಂದರೆ ಆ ಪಾರ್ಟು ಇಲ್ಲ ಅಂತಲೇ ಅರ್ಥ. ಹಳೆಯ ಮಾಡೆಲಿನ ಪಾರ್ಟು ನೋಡುವುದು ಇನ್ನೂ ಮುಖ್ಯ. ಮೂರು ವರ್ಷದ ಹಿಂದಿನ ಮಾಡೆಲಿಗೆ ಇವತ್ತು ಕೀಬೋರ್ಡ್ ಸಿಗುತ್ತಾ ಅಂತ ನೋಡಿದರೆ, ನಿಮ್ಮ ಲ್ಯಾಪ್‌ಟಾಪಿಗೆ ಮೂರು ವರ್ಷದ ಮೇಲೆ ಸಿಗುತ್ತಾ ಅನ್ನುವುದರ ಅಂದಾಜು ಬರುತ್ತೆ.

ಎರಡನೇ ಕಾಲಂ ದೇಶದ್ದು. ಫ್ರೇಮ್‌ವರ್ಕ್ ಶುರು ಮಾಡಿದ್ದು ಅಮೆರಿಕ, ಕೆನಡಾದಲ್ಲಿ. ಆಮೇಲೆ ಯುರೋಪು, ಆಸ್ಟ್ರೇಲಿಯಾ, ತೈವಾನ್ ಸೇರಿದವು. ಭಾರತ ವರ್ಷಗಟ್ಟಲೆ ಆ ಪಟ್ಟಿಯಲ್ಲಿ ಇರಲೇ ಇಲ್ಲ. ಆದ್ದರಿಂದ ಯಾವ ಕಂಪನಿಯದಾದರೂ ಸರಿ, ಹಾಸನದ ಪಿನ್ ಕೋಡ್ 573201 ಹಾಕಿ, ಕೊನೆಯ ಪುಟದವರೆಗೂ ಹೋಗಿ ನೋಡಿ. ವಾರಂಟಿ ಯಾವ ಯಾವ ದೇಶದಲ್ಲಿ ನಡೆಯುತ್ತೆ ಅಂತ ಇಮೇಲ್ ಹಾಕಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ.

'ನಮ್ಮ ಬಾವ ಅಮೆರಿಕದಲ್ಲಿದ್ದಾರೆ, ತರುತ್ತಾರೆ' ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಲ್ಯಾಪ್‌ಟಾಪ್ ಮಟ್ಟಿಗೆ ಇದು ನಿಜ. 18 ವರ್ಷ ತುಂಬಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಆದರೆ ಬಿಡಿ ಮದರ್‌ಬೋರ್ಡ್ ಲ್ಯಾಪ್‌ಟಾಪ್ ಅಲ್ಲ. ಅದು ಸುಂಕವಿಲ್ಲದೆ ತರಬಹುದಾದ ಮಾಮೂಲಿ ಸಾಮಾನಿನ ಬೆಲೆಯ ಮಿತಿಯೊಳಗೆ ಲೆಕ್ಕಕ್ಕೆ ಬರುತ್ತೆ. ಬ್ಯಾಟರಿಯದ್ದು ಬೇರೆಯೇ ಕಥೆ. ಬಿಡಿ ಲಿಥಿಯಂ ಬ್ಯಾಟರಿಯನ್ನು ಚೆಕ್ ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ಕೈಚೀಲದಲ್ಲೇ ತರಬೇಕು, ಅದರ ಪಿನ್ನುಗಳಿಗೆ ಏನೂ ತಾಗದಂತೆ ಮುಚ್ಚಿರಬೇಕು. ಬ್ಯಾಟರಿಯ ಸಾಮರ್ಥ್ಯ 100 ವ್ಯಾಟ್ ಅವರ್ ದಾಟಿದರೆ ವಿಮಾನ ಕಂಪನಿಯ ಅನುಮತಿ ಬೇಕು. ಫ್ರೇಮ್‌ವರ್ಕ್‌ನ 13 ಇಂಚಿನ ಮಾಡೆಲಿಗೆ ಬರುವುದು 55 ಅಥವಾ 61 ವ್ಯಾಟ್ ಅವರ್, ಹಾಗಾಗಿ ಆ ತೊಂದರೆ ಇಲ್ಲ. ಕೊರಿಯರಿನಲ್ಲಿ ತರಿಸುತ್ತೇನೆ ಅಂದರೆ, 2016ರಿಂದ ಪ್ರಯಾಣಿಕರ ವಿಮಾನದಲ್ಲಿ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಸರಕಾಗಿ ಸಾಗಿಸುವಂತಿಲ್ಲ. ಸರಕು ವಿಮಾನವೇ ಬೇಕು. ಎಷ್ಟೋ ಕೊರಿಯರಿನವರು ಬ್ಯಾಟರಿ ಅಂದ ಕೂಡಲೇ ಕೈ ಆಡಿಸಿಬಿಡುತ್ತಾರೆ.

ಬೇಲೂರು ರಸ್ತೆಯ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಕಂಪನಿ ಹೆಸರು ಬೇಡ, ಅವರ ತಪ್ಪೇನೂ ಇರಲಿಲ್ಲ. ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿತ್ತು. ಮನೆಯಲ್ಲೇ ಹುರಿದು ಪುಡಿ ಮಾಡಿದ, ಬೆಲ್ಲ ಹಾಕಿದ ಕಾಫಿ. ಐದೇ ನಿಮಿಷಕ್ಕೆ ಬಿಚ್ಚಿದೆವು, ಅಷ್ಟು ಚೆಂದದ ಯಂತ್ರ. ಬೋರ್ಡ್ ಚೆನ್ನಾಗಿತ್ತು, ಕೀಬೋರ್ಡ್ ಹೋಗಿತ್ತು. ಹೊಸ ಕೀಬೋರ್ಡ್ ಹಾಕುವುದೂ ಅರ್ಧ ಗಂಟೆಯ ಕೆಲಸ. ಆದರೆ ಆ ಕೀಬೋರ್ಡ್ ಬರಬೇಕಾಗಿದ್ದು ಬಾವನ ಜೊತೆ. ಬಾವ ಬರುವುದು ಡಿಸೆಂಬರಿಗೆ. ಆಗ ಇನ್ನೂ ಜೂನ್. ಹುಡುಗ ಆರು ತಿಂಗಳು 600 ರೂಪಾಯಿಯ ಯುಎಸ್‌ಬಿ ಕೀಬೋರ್ಡನ್ನು ಲ್ಯಾಪ್‌ಟಾಪ್ ಮೇಲೆ ಇಟ್ಟುಕೊಂಡು ಕೆಲಸ ಮಾಡಿದ. ಅದೇ ವಾರ ಅದೇ ರೀತಿ ಕಾಫಿ ಕುಡಿದ ಡೆಲ್ ಕಂಪನಿಯ ಒಂದು ಹಳೇ ಲ್ಯಾಟಿಟ್ಯೂಡ್ ಲ್ಯಾಪ್‌ಟಾಪ್ ಬಂದಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಗೆ ಫೋನ್ ಮಾಡಿದೆ. ಮಾರನೇ ದಿನ ಬಸ್ಸಿನಲ್ಲಿ ಕೀಬೋರ್ಡ್ ಬಂತು.

ಬಿಚ್ಚುವುದು ಎಷ್ಟು ಸುಲಭ ಅನ್ನುವುದಕ್ಕೆ ರಿಪೇರಿ ವಿಧಾನ ತಿಳಿಸುವ ಜಾಲತಾಣ ಐಫಿಕ್ಸಿಟ್‌ನವರು ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಫ್ರೇಮ್‌ವರ್ಕ್‌ಗೆ 10 ಬಂದಿದೆ. ಪಾರ್ಟು, ಮ್ಯಾನುಯಲ್ ಸಿಗುತ್ತಾ ಅನ್ನುವುದನ್ನೂ ಅವರು ನೋಡುತ್ತಾರೆ, ಆದರೆ ಆ ಪಾರ್ಟು ಸಕಲೇಶಪುರ ಕಡೆಯ ಹಾನುಬಾಳಿಗೆ ಯಾವಾಗ ಮುಟ್ಟುತ್ತೆ ಅನ್ನುವುದು ಆ ಅಂಕದಲ್ಲಿ ಇಲ್ಲ. ಅದಕ್ಕೇ ನಾಲ್ಕನೇ ಕಾಲಂ. ಯಾವ ಪಾರ್ಟಿನ ಮುಂದೆ 30 ದಿನಕ್ಕಿಂತ ಜಾಸ್ತಿ ಬಂತೋ ಅದಕ್ಕೆ ಕೆಂಪು ಶಾಯಿ ಹಾಕಿ. ಬ್ಯಾಟರಿ, ಕೀಬೋರ್ಡ್ ಎರಡೂ ಕೆಂಪಾದರೆ ಕೊಳ್ಳಬೇಡಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಅಡ್ಡದಾರಿಯೊಂದಿದೆ, ಹಿಡಿಯಬೇಡಿ. ಆನ್‌ಲೈನಿನಲ್ಲಿ 'ಒರಿಜಿನಲ್' ಅಂತ ಚೀಟಿ ಅಂಟಿಸಿದ, ಹೆಸರು ದಿಕ್ಕಿಲ್ಲದ ಬ್ಯಾಟರಿಗಳು ಸಿಗುತ್ತವೆ. ಒಂದೇ ವರ್ಷಕ್ಕೆ ಹೊಟ್ಟೆ ಉಬ್ಬಿ ಟಚ್‌ಪ್ಯಾಡನ್ನು ಮೇಲಕ್ಕೆ ಒತ್ತಿದವು ನನ್ನ ಮೇಜಿನ ಮೇಲೆ ಎಷ್ಟೋ ಬಂದಿವೆ.

ಹಂತ 4: ನಾಲ್ಕು ವರ್ಷದ ನಂತರದ ಲೆಕ್ಕ

'ಬೋರ್ಡ್ ಮಾತ್ರ ಬದಲಿಸಿದರೆ ಹೊಸ ಲ್ಯಾಪ್‌ಟಾಪ್' ಅನ್ನುವ ಮಾತಿಗೆ ಎಲ್ಲರೂ ಮರುಳಾಗುತ್ತಾರೆ. ಬೋರ್ಡ್ ಬದಲಿಸಿದರೆ ಅದರ ಹಿಂದೆ ಏನೇನು ಬರುತ್ತೆ ಅಂತ ಕೇಳಿ. ಫ್ರೇಮ್‌ವರ್ಕ್ 13ರಲ್ಲೇ ಇಂಟೆಲ್‌ನ ಮೊದಲ ಮೂರು ತಲೆಮಾರಿನ ಬೋರ್ಡುಗಳಿಗೆ ಡಿಡಿಆರ್4 ರ್‍ಯಾಮ್ ಬೇಕಿತ್ತು. 2023ರಲ್ಲಿ ಬಂದ ಎಎಮ್‌ಡಿ ಬೋರ್ಡಿಗೆ ಡಿಡಿಆರ್5. ಹಳೇ ರ್‍ಯಾಮ್ ಹೊಸ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಅದರ ಮೇಲೆ 2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿರುವುದು ಅಂಗಡಿಗೆ ಹೋದವರಿಗೆಲ್ಲ ಗೊತ್ತು.

ಸುಮ್ನೆ ಲೆಕ್ಕದ ದಾರಿ ತೋರಿಸಲು ಹೇಳುತ್ತೇನೆ, ಇದು ನಿಜದ ದರ ಅಲ್ಲ. ಹೊಸ ಲ್ಯಾಪ್‌ಟಾಪಿಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ಬೋರ್ಡಿಗೆ 55, ರ್‍ಯಾಮಿಗೆ 15, ಸುಂಕ ಮತ್ತು ಸಾಗಣೆಗೆ 15. ಒಟ್ಟು 85. ಇನ್ನೊಂದು ಕಡೆ, ಮಾಮೂಲಿ ಲ್ಯಾಪ್‌ಟಾಪನ್ನು 30ಕ್ಕೆ ಮಾರಿ ಹೊಸದು ತಂದರೆ ಕೈಯಿಂದ ಹೋಗುವುದು 70. ಅದರಲ್ಲಿ ಪರದೆ, ಬ್ಯಾಟರಿ, ಕೀಬೋರ್ಡ್ ಎಲ್ಲ ಹೊಸದು. ನಿಮ್ಮ ನಿಜದ ಅಂಕಿ ಹಾಕಿ ನೋಡಿ, ಯಾವ ಕಡೆ ವಾಲುತ್ತೋ ವಾಲಲಿ. ಹಳೇ ಬೋರ್ಡನ್ನು ಡಬ್ಬಿಯಲ್ಲಿ ಹಾಕಿ ಪುಟ್ಟ ಕಂಪ್ಯೂಟರ್ ಮಾಡಿಕೊಳ್ಳಬಹುದು, ಅದು ನಿಜ. ಮಾರುತ್ತೇನೆ ಅಂದರೆ ಹಾಸನದಲ್ಲಿ ಕೊಳ್ಳುವವರು ಯಾರು?

ಜಾಲತಾಣದಲ್ಲಿ ಕಾಣುವ ಕಡಿಮೆ ಬೆಲೆಗೂ ಮೋಸ ಹೋಗಬೇಡಿ. ನೀವೇ ಜೋಡಿಸಿಕೊಳ್ಳುವ ಮಾದರಿಯಲ್ಲಿ ರ್‍ಯಾಮ್, ಎಸ್‌ಎಸ್‌ಡಿ, ಚಾರ್ಜರ್, ವಿಂಡೋಸ್ ಎಲ್ಲವನ್ನೂ ಬೇರೆಯಾಗಿ ಸೇರಿಸಬೇಕು.

ಹಂತ 5: ಪೋರ್ಟು ಎಣಿಸಿ

ಫ್ರೇಮ್‌ವರ್ಕ್ 13ರಲ್ಲಿ ಪೋರ್ಟ್ ಕಾರ್ಡಿಗೆ ನಾಲ್ಕು ಗೂಡು, 16ರಲ್ಲಿ ಆರು. ಚಾರ್ಜಿಂಗಿಗೆ ಒಂದು, ಎಚ್‌ಡಿಎಂಐಗೆ ಒಂದು, ಮೌಸ್ ಮತ್ತು ಪೆನ್‌ಡ್ರೈವಿಗೆ ಎರಡು ಅಂದರೆ ನಾಲ್ಕೂ ತುಂಬಿತು. ಉಳಿದ ಕಾರ್ಡುಗಳು ಬ್ಯಾಗಿನ ಮೂಲೆ ಸೇರುತ್ತವೆ, ಬೇಕಾದ ದಿನ ಸಿಗುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಪರದೆಗೆ ಸಿಗ್ನಲ್ ಕೊಡುವುದು ಎಲ್ಲ ಗೂಡೂ ಅಲ್ಲ. ಅದನ್ನು ಮೊದಲೇ ಓದಿಕೊಳ್ಳಿ.

ಹಂತ 6: ನಮ್ಮ ಮಳೆ

ಆರಿದ್ರಾ, ಪುನರ್ವಸು ಹಿಡಿದರೆ ಸಕಲೇಶಪುರ, ಮೂಡಿಗೆರೆ ಕಡೆ ಬೀರುವಿನಲ್ಲಿಟ್ಟ ಬಟ್ಟೆಗೂ ಬೂಸ್ಟು ಬರುತ್ತೆ. ಬಿಚ್ಚಿ ಜೋಡಿಸುವ ಯಂತ್ರ ಅಂದರೆ ಜೋಡಣೆಯ ಜಾಗ ಜಾಸ್ತಿ. ಸಂದಿಯೂ ಜಾಸ್ತಿ. ತೇವ ಕೂರುವುದು, ಇರುವೆ ನುಗ್ಗುವುದು ಅಲ್ಲೇ. ಮಳೆಗಾಲ ಮುಗಿದ ಮೇಲೆ ಒಂದು ಸಲ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬ್ರಷ್ಷಿನಿಂದ ಸಂಪರ್ಕದ ಪಟ್ಟಿಗಳನ್ನು ಒರೆಸಿ. ಬ್ಯಾಟರಿಯ ಕನೆಕ್ಟರ್ ಮೊದಲು ಕೀಳಬೇಕು, ಮರೆಯಬೇಡಿ. ಥಿನ್ನರ್ ಬೇಡ, ತುಕ್ಕು ಬಿಡಿಸುವ ಸ್ಪ್ರೇಯಂತೂ ಬೇಡವೇ ಬೇಡ. ಒದ್ದೆಯಾದ ಲ್ಯಾಪ್‌ಟಾಪನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯುವವರು ಇನ್ನೂ ಇದ್ದಾರೆ. ಅಕ್ಕಿಯ ಹುಡಿ ಫ್ಯಾನಿನೊಳಗೆ ಹೋಗುತ್ತೆ ಅಷ್ಟೇ.

ಸ್ಕ್ರೂಡ್ರೈವರ್ ಬಗ್ಗೆಯೂ ಒಂದು ಮಾತು. ಸಂತೆಯಲ್ಲಿ ಸಿಗುವ ನೂರು ರೂಪಾಯಿಯ ಸೆಟ್ಟಿನ ತುದಿ ಮೆತ್ತಗಿರುತ್ತೆ. ನಕ್ಷತ್ರದ ಆಕಾರದ ಟಿ5 ಸ್ಕ್ರೂವಿನ ತಲೆಯನ್ನು ಎರಡೇ ತಿರುವಿಗೆ ಸವೆಸಿಬಿಡುತ್ತೆ. ತಲೆ ಸವೆದ ಸ್ಕ್ರೂ ತೆಗೆಯಲು ಬಂದವರಿಂದಲೇ ನನ್ನ ಅಂಗಡಿಯ ಕರೆಂಟ್ ಬಿಲ್ ಕಟ್ಟಬಹುದು.

ಹಂತ 7: ಕಂಪನಿಯ ಆಯಸ್ಸು

ಬಿಡಿಬಿಡಿಯಾಗಿ ಜೋಡಿಸುವ ಫೋನ್ ಮಾಡುತ್ತೇವೆ ಅಂತ 2013ರಲ್ಲಿ ಪ್ರಾಜೆಕ್ಟ್ ಆರಾ ಶುರುವಾಯಿತು. ಅದರ ಹಿಂದೆ ಗೂಗಲ್ ಇತ್ತು. 2016ರಲ್ಲಿ ನಿಲ್ಲಿಸಿದರು, ಫೋನ್ ಅಂಗಡಿಗೆ ಬರಲೇ ಇಲ್ಲ. ಅಷ್ಟು ದೊಡ್ಡವರೇ ಹೀಗೆ. ಕಂಪನಿ ಮುಚ್ಚಿದರೆ ನಿಮ್ಮ ಎರಡನೇ ಪಟ್ಟಿಯ ಪಾರ್ಟುಗಳೂ ಅದರ ಜೊತೆಗೇ ಹೋದವು ಅಂತ ಲೆಕ್ಕ.

ಹಂತ 8: ಪಕ್ಕದಲ್ಲಿಟ್ಟು ತೂಗಿ

ನನ್ನನ್ನು ಕೇಳಿದರೆ ಹಾಸನ, ಚಿಕ್ಕಮಗಳೂರಿನವರಿಗೆ ಕಚೇರಿ ಮಾದರಿಯ ಲೆನೊವೊ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್ ಸಾಕು. ಇವುಗಳನ್ನು ಬಿಚ್ಚುವ ವಿಧಾನದ ಮ್ಯಾನುಯಲನ್ನು ಕಂಪನಿಯವರೇ ಪುಕ್ಕಟೆ ಹಾಕಿರುತ್ತಾರೆ. ದೊಡ್ಡ ಕಚೇರಿಗಳು ಸಾವಿರಗಟ್ಟಲೆ ಕೊಂಡು ಆಮೇಲೆ ಮಾರಿಬಿಡುವುದರಿಂದ ಹಳೇ ಪಾರ್ಟಿಗೂ ಬರವಿಲ್ಲ. ಆದರೆ ಇಲ್ಲೂ ಕಣ್ಣು ಮುಚ್ಚಿ ಕೊಳ್ಳುವಂತಿಲ್ಲ. ಥಿಂಕ್‌ಪ್ಯಾಡ್ ಟಿ14ರ ಮೊದಲ ತಲೆಮಾರುಗಳಲ್ಲಿ ಅರ್ಧ ರ್‍ಯಾಮ್ ಬೋರ್ಡಿಗೆ ಬೆಸುಗೆಯಾಗಿದೆ, ಒಂದೇ ಗೂಡು ಖಾಲಿ. 2024ರ ಐದನೇ ತಲೆಮಾರಿನಲ್ಲಿ ಎರಡೂ ಗೂಡು ಕೊಟ್ಟರು, ಅದಕ್ಕೆ ಐಫಿಕ್ಸಿಟ್‌ನಲ್ಲಿ 9 ಅಂಕ ಬಂತು. ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್ ನೋಡಲು ಚೆಂದ, ರ್‍ಯಾಮ್ ಪೂರ್ತಿ ಬೆಸುಗೆ. ಬೇಡ.

ಇಷ್ಟೆಲ್ಲ ತೂಗಿದ ಮೇಲೂ ಮಾಡ್ಯುಲರೇ ಬೇಕು ಅನ್ನುವವರು ಇದ್ದಾರೆ. ವರ್ಷಕ್ಕೆರಡು ಸಲ ವಿದೇಶಕ್ಕೆ ಹೋಗಿ ಬರುವವರು, ಬಿಚ್ಚುವುದೇ ಖುಷಿ ಅನ್ನುವವರು. ಅವರು ತರಿಸಲಿ. ತರಿಸುವಾಗಲೇ ಒಂದು ಕೀಬೋರ್ಡ್, ಒಂದು ಜೊತೆ ಹಿಂಜ್, ಎರಡು ಯುಎಸ್‌ಬಿ ಸಿ ಕಾರ್ಡ್ ಹೆಚ್ಚಿಗೆ ತರಿಸಿ, ತೇವ ಹೀರುವ ಪುಡಿಕೆಯ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಬ್ಯಾಟರಿಯನ್ನು ಮಾತ್ರ ಈಗಲೇ ತಂದು ಕೂಡಿಡಬೇಡಿ. ಬಳಸದೆ ಇಟ್ಟರೂ ಅದಕ್ಕೆ ವಯಸ್ಸಾಗುತ್ತೆ. ಮೂರನೇ ವರ್ಷ, ಚಾರ್ಜ್ ಮೊದಲಿನಷ್ಟು ನಿಲ್ಲುತ್ತಿಲ್ಲ ಅನ್ನಿಸಿದಾಗ ಬಾವನಿಗೆ ಹೇಳಿದರೆ ಸಾಕು.