ಹತ್ತಾರು ಕ್ಲಬ್ ಸುತ್ತಿದ ಸ್ಟ್ರೈಕರ್‌ನ ದಾಖಲೆ ಓದುವುದು ಹೇಗೆ

ಹತ್ತು ಹನ್ನೆರಡು ಫುಟ್‌ಬಾಲ್ ಕ್ಲಬ್‌ಗಳಲ್ಲಿ ಆಡಿದ ಸ್ಟ್ರೈಕರ್‌ನ, ಅಂದರೆ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಆಟಗಾರನ, ದಾಖಲೆ ಕೈಗೆ ಸಿಕ್ಕರೆ ಹೆಚ್ಚಿನವರ ಕಣ್ಣು ನೇರ ಗೋಲಿನ ಅಂಕಣಕ್ಕೆ ಹೋಗುತ್ತದೆ. ಅದನ್ನು ಕೊನೆಗಿಟ್ಟುಕೊಳ್ಳಿ. ಆತ ಯಾವ ಬಗೆಯ ಒಪ್ಪಂದದ ಮೇಲೆ ಬಂದ, ಎಷ್ಟು ನಿಮಿಷ ಮೈದಾನದಲ್ಲಿದ್ದ, ಯಾಕೆ ಹೊರಟ ಎಂಬ ಮೂರು ವಿಷಯ ಗೊತ್ತಾಗದೆ ‘34 ಪಂದ್ಯ, 10 ಗೋಲು’ ಎಂಬ ಸಾಲಿನಿಂದ ಏನನ್ನೂ ಹೇಳಲಾಗದು.

ಮೊದಲು ನಿಮ್ಮದೇ ಒಂದು ಪಟ್ಟಿ ಮಾಡಿಕೊಳ್ಳಿ. ಕ್ಲಬ್‌ಗೊಂದು ಸಾಲು ಬೇಡ, ಅವಧಿಗೊಂದು ಸಾಲು ಇರಲಿ. ಉರುಗ್ವೆಯ ಸೆಬಾಸ್ಟಿಯನ್ ಅಬ್ರೇವು 2017ರ ಡಿಸೆಂಬರ್‌ನಲ್ಲಿ ಚಿಲಿಯ ಔಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು ಆತನ 26ನೇ ಕ್ಲಬ್, ಗಿನ್ನೆಸ್ ದಾಖಲೆ. ಆದರೆ ತವರಿನ ನ್ಯಾಸಿಯೊನಾಲ್‌ಗೆ ಆತ ಹೋಗಿ ಬಂದು ಮಾಡುತ್ತಲೇ ಇದ್ದ. ಇಂಥವನ ಎಲ್ಲ ಅವಧಿಗಳನ್ನೂ ಕೂಡಿಸಿ ಒಂದೇ ಸಾಲಿಗೆ ತುರುಕಿದರೆ ಹುಡುಗನಾಗಿದ್ದಾಗಿನ ಆಟವೂ ಮುಪ್ಪಿನ ಆಟವೂ ಬೆರೆತುಹೋಗುತ್ತವೆ. ಅಂಕಣಗಳು ಇಷ್ಟಿರಲಿ: ಸೇರಿದ ಮತ್ತು ಬಿಟ್ಟ ತಿಂಗಳು, ಆಗಿನ ವಯಸ್ಸು, ಬಂದ ಬಗೆ (ಖರೀದಿ; ಲೋನ್, ಅಂದರೆ ಕೆಲಕಾಲದ ಎರವಲು; ಉಚಿತ ವರ್ಗಾವಣೆ, ಅಂದರೆ ಹಳೆಯ ಕ್ಲಬ್‌ಗೆ ಹಣ ಕೊಡದೆ), ಲೀಗ್‌ನ ದರ್ಜೆ, ಆರಂಭದಿಂದ ಆಡಿದ ಪಂದ್ಯ, ಬದಲಿಯಾಗಿ ಇಳಿದ ಪಂದ್ಯ, ಒಟ್ಟು ನಿಮಿಷ, ಗೋಲು, ಅದರಲ್ಲಿ ಪೆನಾಲ್ಟಿ, ಕೋಚ್‌ನ ಹೆಸರು.

ತಿಂಗಳು ಬರೆಯದಿದ್ದರೆ ಮುಂದೆ ಖಂಡಿತ ಎಡವುತ್ತೀರಿ. ಯುರೋಪಿನ ದೊಡ್ಡ ಲೀಗ್‌ಗಳು ಆಗಸ್ಟ್‌ನಿಂದ ಮೇ ತನಕ ನಡೆದರೆ ನಾರ್ವೆ, ಸ್ವೀಡನ್, ಬ್ರೆಜಿಲ್‌ಗಳ ಲೀಗ್‌ಗಳು ಒಂದೇ ಕ್ಯಾಲೆಂಡರ್ ವರ್ಷದೊಳಗೆ ಮುಗಿಯುತ್ತವೆ. ಹೀಗಾಗಿ ‘2012’ ಎಂಬ ಸಾಲೂ ‘2011–12’ ಎಂಬ ಸಾಲೂ ಒಂದರ ಮೇಲೊಂದು ಬೀಳಬಹುದು. ಐರ್ಲೆಂಡಿನ ರಾಬಿ ಕೀನ್ ಅಮೆರಿಕದ ಎಲ್‌ಎ ಗ್ಯಾಲಕ್ಸಿಯ ಆಟಗಾರನಾಗಿದ್ದಾಗಲೇ 2012ರ ಜನವರಿಯಲ್ಲಿ ಎರಡು ತಿಂಗಳ ಲೋನ್ ಮೇಲೆ ಇಂಗ್ಲೆಂಡಿನ ಆಸ್ಟನ್ ವಿಲ್ಲಾಕ್ಕೆ ಹೋದ. ಬರೀ ಪಟ್ಟಿ ನೋಡಿದವರಿಗೆ ಗ್ಯಾಲಕ್ಸಿಗೆ ಬೇಡವಾದ ಆಟಗಾರನಂತೆ ಕಾಣುತ್ತಾನೆ. ಅಸಲು ಸಂಗತಿಯೆಂದರೆ ಅಮೆರಿಕದ ಲೀಗ್‌ಗೆ ಅದು ರಜೆಯ ಕಾಲ.

ಲೋನ್ ಎಂಬ ಮಾತಿಗೆ ಅದೆಷ್ಟು ಮುಖ! ಇಪ್ಪತ್ತರ ಹುಡುಗನನ್ನು ಆಟ ಸಿಗಲೆಂದು ಕೆಳಗಿನ ದರ್ಜೆಗೆ ಕಳಿಸುವುದು ಒಂದು ಬಗೆ. ಸಂಬಳದ ಭಾರ ಇಳಿಸಿಕೊಳ್ಳಲು ಮೂವತ್ತು ದಾಟಿದವನನ್ನು ಕಳಿಸುವುದು ಇನ್ನೊಂದು. ಮೂರನೆಯದು ಲೋನ್ ವೇಷದ ಮಾರಾಟ: 2010ರಲ್ಲಿ ಝ್ಲಾಟನ್ ಇಬ್ರಾಹಿಮೋವಿಚ್ ಬಾರ್ಸಿಲೋನಾದಿಂದ ಮಿಲಾನ್‌ಗೆ ಹೋದದ್ದು 2.4 ಕೋಟಿ ಯುರೋಗೆ ಖರೀದಿಸುವ ಅವಕಾಶವಿದ್ದ ಲೋನ್ ಮೇಲೆ. ಮರುವರ್ಷ ಅದು ಖರೀದಿಯೇ ಆಯಿತು. ಹಾಗಾಗಿ ‘ಲೋನ್’ ಅಂತಷ್ಟೇ ಬರೆದು ಬಿಡಬೇಡಿ. ಅವಧಿ, ಖರೀದಿಯ ಷರತ್ತು, ಮುಗಿದ ಮೇಲೆ ಎಲ್ಲಿಗೆ ಹೋದ ಎಂಬುದನ್ನೂ ಪಕ್ಕದಲ್ಲಿ ಗುರುತಿಸಿ. ಲೋನ್ ಮೇಲೆ ಪಡೆದ ಕ್ಲಬ್ಬೇ ಅದು ಮುಗಿದ ಮೇಲೆ ಹಣ ಕೊಟ್ಟು ಉಳಿಸಿಕೊಂಡಿದ್ದರೆ ಹತ್ತಿರದಿಂದ ಕಂಡವರು ಮೆಚ್ಚಿದ್ದಾರೆ ಎಂದರ್ಥ. ಗೋಲಿನ ಲೆಕ್ಕಕ್ಕಿಂತ ಇದಕ್ಕೆ ತೂಕ ಹೆಚ್ಚು ಕೊಡಬಹುದು.

ಪಟ್ಟಿಯಲ್ಲಿ ಆರು ತಿಂಗಳ ಖಾಲಿ ಜಾಗ ಕಂಡರೆ ಗಾಯ ಎಂದು ಬರೆದುಬಿಡುವ ಚಾಳಿಯೊಂದಿದೆ. ಕಾರಣ ನಿಯಮವೂ ಇರಬಹುದು. ಫಿಫಾ ನಿಯಮದಂತೆ ಆಟಗಾರನೊಬ್ಬ ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಾಯಿಸಿಕೊಳ್ಳಬಹುದು, ಅಧಿಕೃತ ಪಂದ್ಯ ಆಡಬಹುದಾದದ್ದು ಮಾತ್ರ ಎರಡಕ್ಕೆ. ಫ್ರಾನ್ಸಿನ ಹತೆಮ್ ಬೆನ್ ಅರ್ಫಾ 2014–15ರಲ್ಲಿ ಸಿಕ್ಕಿಬಿದ್ದದ್ದು ಇಲ್ಲೇ. ಇಂಗ್ಲೆಂಡಿನ ಹಲ್ ಸಿಟಿಗೆ ಲೋನ್ ಮೇಲೆ ಹೋಗುವ ಮೊದಲು ತನ್ನ ಕ್ಲಬ್ ನ್ಯೂಕಾಸಲ್‌ನ ಕಿರಿಯರ ತಂಡಕ್ಕೆ ಆಡಿದ್ದೂ ಲೆಕ್ಕಕ್ಕೆ ಬಂತು. ಜನವರಿಯಲ್ಲಿ ಫ್ರಾನ್ಸಿನ ನೀಸ್ ಕ್ಲಬ್ ಸೇರಿದರೂ ಅದು ಮೂರನೆಯದಾದ್ದರಿಂದ ಆಡಲು ಬಿಡಲಿಲ್ಲ. ಮುಂದಿನ ಸೀಸನ್‌ನಲ್ಲಿ ಅದೇ ನೀಸ್ ಪರ ಲೀಗ್‌ನಲ್ಲಿ 17 ಗೋಲು ಹೊಡೆದ. ಖಾಲಿ ಜಾಗದ ಹಿಂದಿನ ತಿಂಗಳುಗಳಲ್ಲಿ ಎಷ್ಟು ಕ್ಲಬ್ ಆಗಿದ್ದವು ಎಂದು ಎಣಿಸಿದರೆ ಇಂಥವು ತಾವಾಗಿ ಹೊರಬೀಳುತ್ತವೆ.

ಈಗ ಗೋಲಿಗೆ ಬನ್ನಿ. ಪಂದ್ಯದ ಲೆಕ್ಕ ಬಿಟ್ಟು ನಿಮಿಷದ ಲೆಕ್ಕ ಹಿಡಿಯಿರಿ. ಒಟ್ಟು ನಿಮಿಷವನ್ನು 90ರಿಂದ ಭಾಗಿಸಿ, ಬಂದ ಸಂಖ್ಯೆಯಿಂದ ಗೋಲುಗಳನ್ನು ಭಾಗಿಸಿ. ಮೇಲೆ ಹೇಳಿದ 34 ಪಂದ್ಯ, 10 ಗೋಲಿನ ಆಟಗಾರ 11 ಸಲ ಆರಂಭದಿಂದ ಆಡಿ 23 ಸಲ ಬದಲಿಯಾಗಿ ಇಳಿದವನು, ಒಟ್ಟು 1,400 ನಿಮಿಷ ಆಡಿದವನು ಎಂದಿಟ್ಟುಕೊಳ್ಳಿ. 1,400 ನಿಮಿಷ ಎಂದರೆ ಹದಿನೈದೂವರೆ ಪೂರ್ತಿ ಪಂದ್ಯ. ಅಲ್ಲಿಗೆ 90 ನಿಮಿಷಕ್ಕೆ 0.64 ಗೋಲು. ಮೂರು ಪೆನಾಲ್ಟಿ ಕಳೆದರೆ 0.45. ಇನ್ನೊಬ್ಬ 34 ಪಂದ್ಯವನ್ನೂ ಆರಂಭದಿಂದ ಆಡಿ, 2,900 ನಿಮಿಷದಲ್ಲಿ 13 ಗೋಲು ಹೊಡೆದಿದ್ದಾನೆ, ಐದು ಪೆನಾಲ್ಟಿ. ಆತನದು 0.40, ಪೆನಾಲ್ಟಿ ಕಳೆದರೆ 0.25. ಗೋಲಿನ ಅಂಕಣದಲ್ಲಿ ಮುಂದಿದ್ದವನು ಇಲ್ಲಿ ದೂರ ಹಿಂದೆ ಬಿದ್ದ.

ಪೆನಾಲ್ಟಿ ಕಳೆಯುವುದು ಯಾಕೆಂದರೆ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಗೋಲಾಗುತ್ತವೆ. ಸಾಮಾನ್ಯ ಹೊಡೆತಗಳಲ್ಲಿ ಹತ್ತಕ್ಕೆ ಒಂದರ ಆಸುಪಾಸು. ಪೆನಾಲ್ಟಿ ಹೊಡೆಯುವ ಹಕ್ಕು ಆ ತಂಡದಲ್ಲಿ ಆತನಿಗೆ ಇತ್ತೇ ಇಲ್ಲವೇ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ, ಹೊಸ ಕ್ಲಬ್‌ಗೆ ಆ ಹಕ್ಕು ಜೊತೆಗೆ ಬರುವುದಿಲ್ಲ.

ಆದರೂ 0.64ನ್ನು ತಲೆ ಮೇಲೆ ಹೊತ್ತು ಕುಣಿಯಬೇಡಿ. ಬದಲಿಯಾಗಿ ಇಳಿಯುವವನಿಗೆ ಸಿಗುವುದು ದಣಿದ ಡಿಫೆಂಡರ್‌ಗಳು, ತೆರೆದುಕೊಂಡ ಆಟ. ಪಂದ್ಯದ ಕೊನೆಯ ಭಾಗದಲ್ಲಿ ಗೋಲುಗಳೇ ಹೆಚ್ಚು. ಆರಂಭದಿಂದ ಆಡಿದ ನಿಮಿಷಗಳನ್ನೂ ಬದಲಿಯಾಗಿ ಆಡಿದವನ್ನೂ ಬೇರೆ ಬೇರೆ ಲೆಕ್ಕ ಹಾಕಿ. ಇನ್ನು 900 ನಿಮಿಷಕ್ಕಿಂತ ಕಡಿಮೆ ಆಡಿದ ಅವಧಿಗೆ ಸರಾಸರಿ ಬರೆಯಲೇಬೇಡಿ: 90 ನಿಮಿಷಕ್ಕೆ 0.4 ಹೊಡೆಯುವವನಿಂದ ಅಷ್ಟರಲ್ಲಿ ನಾಲ್ಕು ಗೋಲು ನಿರೀಕ್ಷಿಸಬಹುದು, ಎರಡು ಬಂದರೂ ಆರು ಬಂದರೂ ಅದು ಬರೀ ಅದೃಷ್ಟದ ಏರಿಳಿತ. ಇದಕ್ಕೂ ಕೀನ್ ಉದಾಹರಣೆಯೇ ಸಾಕು. 2010ರ ಮೊದಲರ್ಧದಲ್ಲಿ ಸ್ಕಾಟ್ಲೆಂಡಿನ ಸೆಲ್ಟಿಕ್‌ನಲ್ಲಿ ಲೋನ್ ಮೇಲೆ 16 ಲೀಗ್ ಪಂದ್ಯ, 12 ಗೋಲು. ವರ್ಷ ಕಳೆದು ಇಂಗ್ಲೆಂಡಿನ ವೆಸ್ಟ್ ಹ್ಯಾಮ್‌ನಲ್ಲಿ 9 ಪಂದ್ಯ, 2 ಗೋಲು. ಸೆಲ್ಟಿಕ್ ತನ್ನ ಲೀಗ್‌ನಲ್ಲಿ ಚೆಂಡನ್ನು ಬಹುಪಾಲು ತನ್ನ ಕಾಲಲ್ಲೇ ಇಟ್ಟುಕೊಳ್ಳುವ ತಂಡ; ವೆಸ್ಟ್ ಹ್ಯಾಮ್ ಆ ವರ್ಷ ಕೆಳದರ್ಜೆಗೆ ಜಾರಿದ ತಂಡ. ಆಟಗಾರ ಅವನೇ.

ಲೀಗ್ ಗೋಲುಗಳನ್ನು ಕಪ್, ಖಂಡಮಟ್ಟದ ಪಂದ್ಯಗಳ ಗೋಲುಗಳ ಜೊತೆ ಬೆರೆಸಬೇಡಿ, ಹಾಗಂತ ಲೀಗ್ ಅಂಕಣವೊಂದನ್ನೇ ನೋಡಿ ತೀರ್ಪು ಕೊಡುವುದೂ ಸಲ್ಲ. ನಿಕೋಲಾ ಅನೆಲ್ಕಾ 1999–2000ರಲ್ಲಿ ರಿಯಲ್ ಮ್ಯಾಡ್ರಿಡ್ ಪರ ಲೀಗ್‌ನಲ್ಲಿ ಹೊಡೆದದ್ದು ಎರಡೇ ಗೋಲು. ಅದೇ ಸೀಸನ್‌ನ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಬಯರ್ನ್ ವಿರುದ್ಧ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದ, ರಿಯಲ್ ಕಪ್ ಗೆದ್ದಿತು. ಇದಾಗಿ ನಾಲ್ಕಾರು ಕ್ಲಬ್ ಬದಲಿಸಿದ ಮೇಲೆ, 2008–09ರಲ್ಲಿ ಚೆಲ್ಸಿ ಪರ 19 ಗೋಲು ಹೊಡೆದು ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಅತಿ ಹೆಚ್ಚು ಗೋಲಿಗೆ ಕೊಡುವ ಗೋಲ್ಡನ್ ಬೂಟ್ ಪಡೆದ. ಕ್ಲಬ್ ಬದಲಿಸುತ್ತಲೇ ಇರುವವನು ಎಲ್ಲೂ ಸಲ್ಲದವನು ಎಂಬ ಲೆಕ್ಕಾಚಾರ ಇವನ ವಿಷಯದಲ್ಲಿ ಪೂರ್ತಿ ತಲೆಕೆಳಗು.

ಹೊರಟ ಕಾರಣ ಹುಡುಕುವಾಗ ಕೋಚ್‌ನ ಅಂಕಣ ನೋಡಿ. ಕರೆತಂದ ಕೋಚ್ ಹೋದ ಮೂರ್ನಾಲ್ಕು ತಿಂಗಳೊಳಗೆ ಸ್ಟ್ರೈಕರ್‌ನ ನಿಮಿಷ ಇಳಿದಿದ್ದರೆ ಬಹುತೇಕ ಅದೇ ಕಾರಣ. ಕೋಚ್ ಅವನೇ ಇದ್ದೂ ಇಳಿದಿದ್ದರೆ ಗಾಯವೋ, ಹೊಸದಾಗಿ ಬಂದ ಇನ್ನೊಬ್ಬ ಸ್ಟ್ರೈಕರೋ ನೋಡಿ. ಒಪ್ಪಂದದ ಕೊನೆಯ ಆರು ತಿಂಗಳಲ್ಲಿ ಆಟಗಾರ ಬೇರೆ ಕ್ಲಬ್ ಜೊತೆ ಮುಂಗಡ ಒಪ್ಪಂದ ಮಾಡಿಕೊಳ್ಳಬಹುದು. ಆಗ ಹಳೆಯ ಕ್ಲಬ್ ಆತನನ್ನು ಬೆಂಚಿನಲ್ಲಿ ಕೂರಿಸುವುದೂ ಉಂಟು. ಉಚಿತವಾಗಿ ಹೋದ ಎಂಬುದು ಆಟಗಾರ ಅಗ್ಗವಾದ ಎಂಬುದಕ್ಕೆ ಸಾಕ್ಷಿಯಲ್ಲ, ವರ್ಗಾವಣೆಯ ಹಣ ಉಳಿದಾಗ ಅದರ ಒಂದು ಪಾಲು ಸಂಬಳಕ್ಕೋ ಸಹಿಯ ಬೋನಸ್ಸಿಗೋ ಸೇರುತ್ತದೆ.

ಕೊನೆಯ ಕೆಲಸ ವಿಡಿಯೊ. ಗೋಲುಗಳನ್ನಷ್ಟೇ ಪೋಣಿಸಿದ ತುಣುಕಿನಿಂದ ಏನೂ ತಿಳಿಯದು, ಅದರಲ್ಲಿ ಎಲ್ಲ ಸ್ಟ್ರೈಕರ್‌ಗಳೂ ಒಂದೇ. ಎರಡು ಬೇರೆ ಕ್ಲಬ್‌ಗಳಿಂದ ಒಂದೊಂದು ಪೂರ್ತಿ ಪಂದ್ಯ ಆರಿಸಿ, ಗೋಲು ಬಾರದ ಪಂದ್ಯವೇ ಆದರೆ ಒಳ್ಳೆಯದು. ಚೆಂಡು ವಿಂಗರ್‌ನ (ಮೈದಾನದ ಅಂಚಿನಲ್ಲಿ ಆಡುವವನ) ಕಾಲಲ್ಲಿರುವಾಗ ಪರದೆ ನಿಲ್ಲಿಸಿ ಸ್ಟ್ರೈಕರ್ ಎಲ್ಲಿದ್ದಾನೆ ನೋಡಿ: ಡಿಫೆಂಡರ್‌ನ ಬೆನ್ನ ಹಿಂದೆಯೋ, ಚೆಂಡಿಗೆ ಹತ್ತಿರದ ಗೋಲುಕಂಬದ ಕಡೆ ಓಟ ಶುರು ಮಾಡಿದ್ದಾನೋ, ಚೆಂಡು ಕಾಲಿಗೇ ಬರಲೆಂದು ಹಿಂದಕ್ಕೆ ಬಂದಿದ್ದಾನೋ. ಎರಡೂ ಕ್ಲಬ್‌ಗಳಲ್ಲಿ ಆ ಓಟ ಒಂದೇ ಆಗಿದ್ದು, ಒಂದು ಕಡೆ ಮಾತ್ರ ಕ್ರಾಸ್ (ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆದ ಚೆಂಡು) ಬಂದಿದ್ದರೆ, ಗೋಲಿನ ವ್ಯತ್ಯಾಸ ವಿಂಗರ್‌ನದು. ಓಟವೇ ಬದಲಾಗಿದ್ದರೆ ಕೋಚ್ ಆತನಿಗೆ ಬೇರೆ ಕೆಲಸ ಕೊಟ್ಟಿದ್ದಾನೆ. ಆ ಎರಡು ಸಾಲುಗಳ ಸರಾಸರಿಗಳನ್ನು ಹೋಲಿಸದೆ ಪಕ್ಕದಲ್ಲಿ ಒಂದು ಗುರುತು ಹಾಕಿ ಬಿಡಿ.