ನೆಂಟರ ಕೋಣೆ ಅಮ್ಮನ ಕೋಣೆಯಾದದ್ದು

ನಮ್ಮ ಮನೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಮತ್ತು ಪೆರ್ಲದ ನಡುವೆ, ರಸ್ತೆಯಿಂದ ಇಳಿದು ತೋಟದ ಅಂಚಿನಲ್ಲಿ. ಅಜ್ಜ ಕಟ್ಟಿಸಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಮನೆ, ಮೇಲೆ ಹಂಚು. ಮಲಗುವುದೆಲ್ಲ ಉಪ್ಪರಿಗೆಯಲ್ಲಿ. ಕೆಳಗೆ ದೇವರ ಕೋಣೆ ಬಿಟ್ಟು ಐದು ಕೋಣೆಗಳಿದ್ದರೂ ಒಂದರಲ್ಲೂ ಯಾರೂ ಮಲಗುತ್ತಿರಲಿಲ್ಲ. ಅಮ್ಮನಿಗೆ 78 ತುಂಬಿದ ವರ್ಷ ಮರದ ಮೆಟ್ಟಲು ಹತ್ತುವುದು ಇನ್ನಾಗದು ಎಂದಾಯಿತು. ಆ ಮಳೆಗಾಲವನ್ನು ಅವರು ಚಾವಡಿಯ ಮಂಚದಲ್ಲೇ ಕಳೆದರು. ಬಂದವರೆಲ್ಲ ಅವರೆದುರೇ ಕೂತು ಮಾತಾಡುತ್ತಿದ್ದರು. ಸೀರೆ ಸರಿಮಾಡಿಕೊಳ್ಳಲೂ ಒಂದು ಮರೆ ಇರಲಿಲ್ಲ. ರಾತ್ರಿ ಬಚ್ಚಲಿಗೆ ಹೋಗಬೇಕಾದರೆ 41 ಹೆಜ್ಜೆ, ಮೂರು ಹೊಸ್ತಿಲು, ಮೂರು ಮೆಟ್ಟಲು. ಅವರ ಕೈ ಹಿಡಿದು ನಡೆಸುವಾಗ ನಾನೇ ಎಣಿಸಿದ್ದು.

‘ಪಕ್ಕಕ್ಕೊಂದು ಕೋಣೆ ಏರಿಸಿಬಿಡಿ’ ಎಂದವರೇ ಎಲ್ಲರೂ. ಲೆಕ್ಕ ಹಾಕಿಸಿದಾಗ ಬಾತ್‌ರೂಮ್ ಸೇರಿ ಏಳೂವರೆ ಲಕ್ಷ ಬಂತು. ಹಣಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದದ್ದು ಬೇರೆ. ಎಲ್ಲಿ ಕಟ್ಟಿದರೂ ಇರುವ ಒಂದು ಕೋಣೆಯ ಬೆಳಕು ಸಾಯುತ್ತಿತ್ತು. ಇಷ್ಟು ಕೋಣೆಗಳಿರುವ ಮನೆಯಲ್ಲಿ ಒಬ್ಬರಿಗೆ ಮಲಗಲು ಜಾಗವಿಲ್ಲ ಎಂಬುದು ನನಗೆ ಒಪ್ಪಿಗೆಯಾಗಲೇ ಇಲ್ಲ.

ಹಾಗಾಗಿ ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಯಾವ ಕೋಣೆಯಲ್ಲಿ, ಎಷ್ಟು ಹೊತ್ತಿಗೆ, ಯಾರು, ಏನು ಮಾಡುತ್ತಾರೆ ಎಂದು. ಕೋಣೆಯ ಹೆಸರು ಬರೆಯಲಿಲ್ಲ, ನಂಬರ್ ಕೊಟ್ಟೆ. ಇದೇ ಇಡೀ ಕೆಲಸದ ಬೇರು ಎಂದು ನನ್ನ ನಂಬಿಕೆ. ‘ಉಗ್ರಾಣ’ ಎಂದು ಬರೆದರೆ ಅಲ್ಲಿ ಅಕ್ಕಿ ಬಿಟ್ಟು ಬೇರೇನೂ ತಲೆಗೆ ಬರುವುದಿಲ್ಲ. ‘ಎರಡನೇ ಕೋಣೆ, ದಕ್ಷಿಣದ ಹೊರಗೋಡೆ ಉಂಟು, ಅಡಿಗೆಮನೆಗೆ ಬಾಗಿಲು ಉಂಟು’ ಎಂದು ಬರೆದಾಗ ಅದು ಬೇರೆಯೇ ಜಾಗವಾಗಿ ಕಂಡಿತು.

ವಾರದ ಕೊನೆಗೆ ಕಂಡದ್ದು ಇಷ್ಟು. ಮನೆಯಲ್ಲೇ ಅತಿ ಹೆಚ್ಚು ಬೆಳಕು, ಗಾಳಿ ಇರುವುದು ಈಶಾನ್ಯ ಮೂಲೆಯ ನೆಂಟರ ಕೋಣೆಯಲ್ಲಿ. ಅದು ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ ಹಾಕಿಕೊಂಡಿರುತ್ತದೆ. ದಿನಕ್ಕೆ ಮೂರು ಹೊತ್ತು ಎಲ್ಲರೂ ಕೂರುವುದು ಚಾವಡಿಯ ಹಿಂದಿನ ಊಟದ ಕೋಣೆಯಲ್ಲಿ. ಅದಕ್ಕೆ ಹೊರಗೋಡೆಯೇ ಇಲ್ಲ, ಮಧ್ಯಾಹ್ನವೂ ಲೈಟ್ ಬೇಕು. ಕತ್ತಲು, ತಂಪು ಬೇಕಾದ ಅಕ್ಕಿ, ಭರಣಿ, ತೆಂಗಿನೆಣ್ಣೆ ಡಬ್ಬಗಳು ಮಾತ್ರ ಹೊರಗೋಡೆ ಇರುವ ಕೋಣೆಯಲ್ಲಿ ಕೂತಿದ್ದವು.

ಆಮೇಲೆ ಅಳತೆ. ಟೇಪು ಹಿಡಿದಾಗ ಚಾವಡಿಯ ಅಗಲ 11 ಅಡಿ 10 ಇಂಚು ಬಂತು. ಇದೆಂಥ ಲೆಕ್ಕ ಎಂದುಕೊಂಡೆ. ಬಾಗಿಲ ಕೆಲಸಕ್ಕೆ ಬಂದಿದ್ದ ಆಚಾರಿ ನೋಡಿ, ‘ಸರಿಯಾಗಿ ಐದು ಕೋಲು’ ಎಂದರು. ಅವರ ಕೋಲು 24 ಅಂಗುಲ, ಈಗಿನ ಲೆಕ್ಕದಲ್ಲಿ 72 ಸೆಂಟಿಮೀಟರು; ಅವರ ಅಂಗುಲ ಇಂಚಲ್ಲ, ಮೂರು ಸೆಂಟಿಮೀಟರು. ಐದು ಕೋಲೆಂದರೆ 360 ಸೆಂಟಿಮೀಟರು. ಅಜ್ಜನ ಮನೆಯನ್ನು ಅಡಿಯಲ್ಲಿ ಅಳೆದಾಗ ಅಡ್ಡಾದಿಡ್ಡಿ ಕಂಡದ್ದೆಲ್ಲ ಕೋಲಿನಲ್ಲಿ ಅಳೆದಾಗ ಸರಿಯಾಗಿ ಕೂತಿತು. ಅಂದಿನಿಂದ ಆ ಗೋಡೆಗಳ ಮೇಲೆ ನನಗೆ ಗೌರವ ಹೆಚ್ಚಾಯಿತು.

ಚೌಕದ ಹಾಳೆಯಲ್ಲಿ ಒಂದು ಚೌಕಕ್ಕೆ ಅರ್ಧ ಅಡಿಯಂತೆ ನಕ್ಷೆ ಬರೆದೆ. ಮಂಚ, ಮೇಜು, ಕಪಾಟುಗಳನ್ನು ಅದೇ ಲೆಕ್ಕದಲ್ಲಿ ರಟ್ಟಿನಿಂದ ಕತ್ತರಿಸಿ ಇಟ್ಟು, ತೆಗೆದು ನೋಡಿದೆ. ರಟ್ಟಿನಲ್ಲಿ ಸರಿಯಾದದ್ದು ಕಾಲಿಗೆ ಸರಿಯಾಗಬೇಕೆಂದೇನಿಲ್ಲ. ಅದಕ್ಕೆ ಅಂಗಳದಲ್ಲಿ ಅಡಿಕೆ ಹರಡುವ ಮೊದಲೇ ಸುಣ್ಣದ ಗೆರೆ ಎಳೆದು ಕೋಣೆಯನ್ನು ನಿಜದ ಅಳತೆಯಲ್ಲಿ ಬರೆದೆ. ಅಮ್ಮ ವಾಕರ್ ಹಿಡಿದು ಆ ಗೆರೆಗಳ ಒಳಗೆ ನಡೆದರು. ಮಂಚದ ಪಕ್ಕ ಎರಡಡಿ ಸಾಕೆಂದಿದ್ದೆ. ತಿರುಗಲು ಮೂರಡಿ ಬೇಕೆಂದು ಅಲ್ಲಿ ಗೊತ್ತಾಯಿತು. ಮುಂದೊಂದು ದಿನ ಗಾಲಿಕುರ್ಚಿ ಬೇಕಾದರೆ ಒಂದು ಸುತ್ತು ತಿರುಗಲು ಐದಡಿ ಬೇಕು. ಅದನ್ನೂ ಗೆರೆ ಎಳೆದು ಬಿಟ್ಟೆವು.

ಅಮ್ಮನ ಷರತ್ತು ಎರಡು. ದೇವರ ಕೋಣೆಯನ್ನೂ ಅಡಿಗೆಮನೆಯ ಒಲೆಯನ್ನೂ ಕದಲಿಸಬಾರದು. ದೇವರ ಕೋಣೆಯ ಗೋಡೆಗೆ ಕಕ್ಕಸಿನ ಗೋಡೆ ತಾಗಬಾರದು. ಇದರಿಂದ ಕೆಲಸ ಕಷ್ಟವಾಗಲಿಲ್ಲ, ಸುಲಭವೇ ಆಯಿತು. ಮುಟ್ಟಬಾರದ್ದು ಯಾವುದೆಂದು ಗೊತ್ತಾದರೆ ಉಳಿದದ್ದರ ಬಗ್ಗೆ ಯೋಚನೆ ಬೇಗ ಓಡುತ್ತದೆ.

ತೀರ್ಮಾನ ಹೀಗಾಯಿತು. ನೆಂಟರ ಕೋಣೆ ಅಮ್ಮನಿಗೆ. ಉಗ್ರಾಣ ಊಟದ ಕೋಣೆ. ಕತ್ತಲೆಯ ಊಟದ ಕೋಣೆಯೇ ಉಗ್ರಾಣ. ಅಡಿಕೆ ಗೋಣಿಗಳು ಹಸುಗಳಿಲ್ಲದೆ ಖಾಲಿಬಿದ್ದ ಹಟ್ಟಿಗೆ. ಚಾವಡಿಯಲ್ಲಿ ಒಂದು ಮೊಳೆಯನ್ನೂ ಕಿತ್ತಿಲ್ಲ.

ಬಾತ್‌ರೂಮಿನ ಜಾಗ ಸಿಕ್ಕಿದ್ದು ನಾವು ಯಾರೂ ಕೋಣೆಯೆಂದು ಲೆಕ್ಕಕ್ಕೆ ಹಿಡಿಯದ ಕಡೆ. ನೆಂಟರ ಕೋಣೆಯ ಹಿಂಗೋಡೆಗೂ ಬಚ್ಚಲಿಗೂ ನಡುವೆ ಮಾಡು ಹೊದ್ದ ಒಂದು ಓಣಿ, ಐದಡಿ ಅಗಲ, ಹನ್ನೆರಡು ಅಡಿ ಉದ್ದ. ಕಟ್ಟಿಗೆ, ಹರಿದ ಕೊಡೆ, ಹಳೆಯ ಹಾಳೆ ಕಟ್ಟುಗಳು ಅಲ್ಲಿರುತ್ತಿದ್ದವು. ಅದರ ಎಂಟಡಿಯನ್ನು ಎರಡು ಅಡ್ಡಗೋಡೆ ಹಾಕಿ ಬೇರೆ ಮಾಡಿ, ಅಮ್ಮನ ಕೋಣೆಯಿಂದಲೇ ಬಾಗಿಲು ತೆಗೆದೆವು. ಉಳಿದ ನಾಲ್ಕಡಿ ಹಳೆಯ ಬಚ್ಚಲಿಗೆ ಹೋಗುವ ದಾರಿ. ಓಣಿಯ ನೆಲ ಒಳಗಿನ ನೆಲಕ್ಕಿಂತ ಒಂದೂವರೆ ಅಡಿ ತಗ್ಗು. ಅದೇ ಮೂರು ಮೆಟ್ಟಲಿನ ತೊಂದರೆ ಕೊಡುತ್ತಿದ್ದದ್ದು. ಈಗ ಅದೇ ಉಪಕಾರಕ್ಕೆ ಬಂತು: ನೆಲ ಅಗೆಯದೆ ಪೈಪುಗಳನ್ನು ಆ ತಗ್ಗಿನಲ್ಲಿ ಮಲಗಿಸಿ, ಮೇಲೆ ಮಣ್ಣು ತುಂಬಿಸಿ, ಕೋಣೆಯ ಮಟ್ಟಕ್ಕೇ ನೆಲ ತಂದೆವು. ನಾಲ್ಕು ಇಂಚಿನ ಪೈಪಿಗೆ 40 ಅಡಿಗೆ ಒಂದಡಿಯಂತೆ ಇಳಿಜಾರು ಕೊಟ್ಟೆವು. ಕಕ್ಕಸಿನ ಇಂಗುಗುಂಡಿ ಹಳೆಯದೇ. ಬಾವಿಗೂ ಇಂಗುಗುಂಡಿಗೂ ಕನಿಷ್ಠ 7.5 ಮೀಟರು ಇರಬೇಕೆಂಬುದು ಕೇರಳದ ನಿಯಮ. ನಮ್ಮದು 14 ಮೀಟರು ದೂರ, ಅದೂ ಬಾವಿಯಿಂದ ಇಳಿಜಾರಿನ ಕಡೆಗೆ. ಮುರಕಲ್ಲಿನ ನೆಲದಲ್ಲಿ ಗುಂಡಿಯ ನೀರು ಬೇಗ ಇಳಿದು ಬಾವಿಗೆ ಸೇರಬಹುದು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಹಿಡಿಕೆಯ ವಿಷಯವನ್ನು ಒತ್ತಿ ಹೇಳಬೇಕು. ಕಕ್ಕಸಿನ ಪಕ್ಕ ಹಿಡಿದು ಏಳಲು ಸ್ಟೀಲಿನ ಹಿಡಿಕೆ ಎಲ್ಲರೂ ಹಾಕಿಸುತ್ತಾರೆ. ಆದರೆ ಮುರಕಲ್ಲಿನಲ್ಲಿ ತೂತುಗಳೇ ಹೆಚ್ಚು. ಡ್ರಿಲ್ ಹೊಡೆದು ಪ್ಲಗ್ ಹಾಕಿದರೆ ನಾಲ್ಕು ದಿನದಲ್ಲಿ ಸಡಿಲ. ಮನುಷ್ಯರ ಇಡೀ ಭಾರ ಬೀಳುವ ಜಾಗ ಅದು. ನಮ್ಮ ಮೇಸ್ತ್ರಿ ಹೊಸ ಗೋಡೆ ಕಟ್ಟುವಾಗಲೇ ನೆಲದಿಂದ 33 ಇಂಚು ಎತ್ತರದಲ್ಲಿ ಎರಡು ಕಾಂಕ್ರೀಟ್ ಕಲ್ಲು ಎರಕಹೊಯ್ದು ಕೂರಿಸಿ, ಬೋಲ್ಟನ್ನು ಅದರೊಳಗೆ ಹಾಕಿದರು. ಬಾಗಿಲನ್ನು ಮೂರಡಿ ಅಗಲ ಮಾಡಿದೆವು, ಹೊಸ್ತಿಲು ಇಡಲಿಲ್ಲ. ನೀರು ಕೋಣೆಗೆ ಬಾರದ ಹಾಗೆ ನೆಲವನ್ನು ಬಾಗಿಲಿನಿಂದ ಆಚೆಗೆ ಅಡಿಗೆ ಕಾಲಿಂಚಿನಂತೆ ಇಳಿಸಿದೆವು.

ನನಗೆ ನಿದ್ದೆ ಕೆಟ್ಟದ್ದು ಉಗ್ರಾಣದ ಕಿಟಕಿಗಾಗಿ. ದಕ್ಷಿಣದ ಗೋಡೆಯಲ್ಲಿ ಇದ್ದದ್ದು ಒಂದಡಿಯ ಗವಾಕ್ಷ. ಅಲ್ಲಿ ನಾಲ್ಕಡಿಯ ಕಿಟಕಿ ಬೇಕಿತ್ತು. ಆದರೆ ಅದು ಉಪ್ಪರಿಗೆಯ ತೊಲೆ ಹೊತ್ತ ಗೋಡೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ್ದು. ಮೊದಲು ಬಂದ ಒಬ್ಬರು ‘ಅರ್ಧ ದಿನದ ಕೆಲಸ’ ಎಂದು ಮೆಷಿನು ಹೊರತೆಗೆದಾಗ ನಾನು ಕೈಮುಗಿದು ಕಳಿಸಿದೆ. ಆಮೇಲೆ ಬಂದ ಮೇಸ್ತ್ರಿ ತುಳುವಿನಲ್ಲಿ ಒಂದೇ ಮಾತು ಕೇಳಿದರು, ಮೇಲೆ ಯಾರು ಮಲಗುತ್ತಾರೆ ಎಂದು. ಆ ಪ್ರಶ್ನೆ ಕೇಳಿದವರಿಗೇ ಕೆಲಸ ಕೊಟ್ಟೆ.

ಅವರು ಮೊದಲು ಒಳಗಿನಿಂದ ಎರಡು ತೊಲೆಗಳಿಗೆ ತೆಂಗಿನ ಕಂಬದ ಆನಿಕೆ ಕೊಟ್ಟರು. ಗೋಡೆ ಒಂದೂವರೆ ಅಡಿ ದಪ್ಪ. ಲಿಂಟಲನ್ನು, ಎಂದರೆ ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಕಾಂಕ್ರೀಟ್ ಅಡ್ಡತೊಲೆಯನ್ನು, ಎರಡು ಸೀಳಾಗಿ ಅಂಗಳದಲ್ಲೇ ಎರಕಹೊಯ್ದು, ಗೋಣಿಚೀಲ ಹೊದೆಸಿ ನೀರು ಕುಡಿಸಿ, ತಿಂಗಳು ಕಳೆದ ಮೇಲೆ ಎತ್ತಿದರು. ಗೋಡೆಯ ಹೊರಗಿನ ಅರ್ಧ ದಪ್ಪವನ್ನು ಮಾತ್ರ ಕೊರೆದು ಒಂದು ಸೀಳನ್ನು ಸೇರಿಸಿ, ಮೇಲಿನ ಸಂದನ್ನು ಬಿಗಿಯಾಗಿ ತುಂಬಿ, ಅದು ಗಟ್ಟಿಯಾದ ಮೇಲೆ ಒಳಗಿನ ಅರ್ಧ. ಎರಡೂ ಕೂತ ಮೇಲಷ್ಟೇ ಕೆಳಗಿನ ಕಲ್ಲು ಒಂದೊಂದಾಗಿ ಬಿಡಿಸಿದ್ದು. ಲಿಂಟಲು ಎರಡೂ ಬದಿ ಗೋಡೆಯ ಮೇಲೆ ಒಂಬತ್ತು ಇಂಚು ಕೂತಿದೆ. ಮೇಲೆ ಒಂದು ಕೂದಲೆಳೆಯ ಬಿರುಕೂ ಬರಲಿಲ್ಲ. ಬಿಡಿಸಿದ ಕಲ್ಲುಗಳನ್ನೇ ಬಾತ್‌ರೂಮಿನ ಗೋಡೆಗೆ ಹಾಕಿದೆವು. ಗಾಳಿ ತಿಂದಷ್ಟೂ ಗಟ್ಟಿಯಾಗುವ ಕಲ್ಲು, ಕೋರೆಯ ಹೊಸ ಕಲ್ಲಿಗಿಂತ ವಾಸಿ. ಕಿಟಕಿಯ ಸುತ್ತ ಸಿಮೆಂಟ್ ಬಳಿಯದೆ ಸುಣ್ಣದ ಗಾರೆಯನ್ನೇ ಹಚ್ಚಿಸಿದೆ. ಹಳೆಯ ಗೋಡೆಯ ತೇವ ಹೊರಬರಲು ದಾರಿ ಬೇಕು; ಸಿಮೆಂಟ್ ಮುಚ್ಚಿದರೆ ಒಂದೆರಡು ಮಳೆಗಾಲದಲ್ಲಿ ಚಕ್ಕೆಯೆದ್ದು ಬೀಳುತ್ತದೆ.

ಮಕರ ಸಂಕ್ರಾಂತಿ ಕಳೆದು ಶುರುಮಾಡಿದ ಕೆಲಸ ಪತ್ತನಾಜೆಯೊಳಗೆ ಮುಗಿಯಬೇಕೆಂದು ಮೇಸ್ತ್ರಿಗೆ ಹೇಳಿದ್ದೆ. ಪತ್ತನಾಜೆಯೆಂದರೆ ತುಳುವರ ಬೇಶ ತಿಂಗಳ ಹತ್ತು, ಮೇ ತಿಂಗಳ 24 ಅಥವಾ 25ಕ್ಕೆ ಬರುತ್ತದೆ. ಆಮೇಲೆ ಮಳೆಗಾಲಕ್ಕೆಂದು ಯಕ್ಷಗಾನ, ಭೂತಕೋಲದವರು ಗೆಜ್ಜೆ ಬಿಚ್ಚುವ ಹಾಗೆ ಗಾರೆ ಕೆಲಸವನ್ನೂ ಬಿಚ್ಚಿಡಬೇಕು. ನಾಲ್ಕು ದಿನ ಮೊದಲೇ ಮುಗಿಯಿತು. ಒಟ್ಟು ಖರ್ಚು 2 ಲಕ್ಷದ 85 ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಾತ್‌ರೂಮಿನದೇ.

ಜೂನ್ ಮೊದಲ ವಾರದ ಮಳೆ ಆ ಕಿಟಕಿಯಿಂದ ನೇರ ಊಟದ ಮೇಜಿಗೆ ಬಂತು. ನೈರುತ್ಯದ ಗಾಳಿ ನೀರನ್ನು ಅಡ್ಡಕ್ಕೆ ಹೊಡೆಯುತ್ತದೆ, ಎರಡಡಿಯ ಸನ್‌ಶೇಡ್ ಏನೂ ಸಾಲದು. ಅಜ್ಜ ಆ ಬದಿಗೆ ಒಂದೇ ಅಡಿಯ ಗವಾಕ್ಷ ಇಟ್ಟದ್ದು ಏಕೆಂದು ಅಂದು ಅರ್ಥವಾಯಿತು. ಅದನ್ನು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು. ಆ ವರ್ಷ ತೆಂಗಿನ ಮಡಲಿನ ತಟ್ಟಿ ಕಟ್ಟಿ ಕಳೆದೆವು. ಮಳೆ ನಿಂತ ಮೇಲೆ ಪಕ್ಕಾಸು, ರೀಪು ಹೊಡೆದು ನಾಲ್ಕಡಿ ಹಂಚಿನ ಮಾಡು ಇಳಿಸಿದೆವು. ಬೆಳಕು ಸ್ವಲ್ಪ ಕಡಿಮೆಯಾಯಿತು. ಆದರೂ ಈಗ ಹಗಲೂಟಕ್ಕೆ ಲೈಟ್ ಬೇಡ.

ಹಟ್ಟಿಯಲ್ಲಿ ಗೋಡೆಗೆ ತಾಗಿಸಿ ಇಟ್ಟಿದ್ದ ಅಡಿಕೆಗೂ ಅದೇ ಮಳೆಗಾಲದಲ್ಲಿ ಬೂಸು ಬಂತು, ನಾಲ್ಕು ಗೋಣಿ. ಈಗ ನೆಲದಿಂದ ಅರ್ಧ ಅಡಿ ಮೇಲೆ ಹಲಗೆ, ಗೋಡೆಯಿಂದ ಒಂದಡಿ ದೂರ.

ಅಮ್ಮನ ಮಂಚವನ್ನು ನಾನು ತಲೆ ಪೂರ್ವಕ್ಕೆ ಬರುವ ಹಾಗೆ ಇಟ್ಟಿದ್ದೆ. ಮೂರನೇ ದಿನ ದಕ್ಷಿಣಕ್ಕೆ ತಿರುಗಿಸಿ ಎಂದರು. ಹಾಗೆ ಮಲಗಿ ಬಲಕ್ಕೆ ಹೊರಳಿದರೆ ಪೂರ್ವದ ಕಿಟಕಿಯಲ್ಲಿ ತುಳಸಿಕಟ್ಟೆ ಮತ್ತು ಒಳಬರುವ ದಾರಿಯ ತಡಮೆ ಕಾಣುತ್ತದೆ; ಯಾರು ಬಂದರೆಂದು ನಮಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಮಂಚದಿಂದ ಬಾತ್‌ರೂಮಿಗೆ ಒಂಬತ್ತು ಹೆಜ್ಜೆ. ರಾತ್ರಿ ನನ್ನನ್ನು ಎಬ್ಬಿಸುವುದಿಲ್ಲ. ದೀಪಾವಳಿಗೆ ಬಂದ ಅತ್ತೆಗೆ ಉಪ್ಪರಿಗೆಯಲ್ಲಿ ಅಮ್ಮನ ಹಳೆಯ ಕೋಣೆ ಕೊಟ್ಟಿದ್ದೆವು. ಅತ್ತೆ ಎರಡು ರಾತ್ರಿಯೂ ಚಾಪೆ ಹಿಡಿದು ಕೆಳಗಿಳಿದು, ಅಮ್ಮನ ಮಂಚದ ಪಕ್ಕದ ಆ ಮೂರಡಿಯಲ್ಲಿ ಹಾಸಿಕೊಂಡು ಮಲಗಿದರು.