ಹಿನ್ನೀರಿನಡಿಯ ಹಾರಂಗಿಯನ್ನು ಹುಡುಕಿದ್ದು

ಕೊಡಗಿನ ಹಾರಂಗಿ ಹೊಳೆಯ ಡ್ಯಾಮ್ ತುಂಬಿದರೆ ಸಮುದ್ರಮಟ್ಟದಿಂದ 2859 ಅಡಿ, 8.5 ಟಿಎಂಸಿ. ಮಳೆಗಾಲದಲ್ಲಿ ಕುಶಾಲನಗರದ ಯಾವ ಅಂಗಡಿಯಲ್ಲಿ ಕೇಳಿದರೂ ಈ ಲೆಕ್ಕ ಸಿಗುತ್ತದೆ. ಆದರೆ 1982ರಲ್ಲಿ ಡ್ಯಾಮ್ ಮುಗಿಯುವ ಮೊದಲು ಹೊಳೆ ಎಲ್ಲಿ ಹರಿಯುತ್ತಿತ್ತು ಅಂತ ಕೇಳಿ, ಹಿನ್ನೀರಿನ ಕಡೆ ಕೈ ಬೀಸಿ "ಅಲ್ಲೇ ಎಲ್ಲೋ" ಅಂತಾರೆ. ಆ ಎಲ್ಲೋವನ್ನು ನಕ್ಷೆಗಿಳಿಸಲು ನನಗೆ ಎರಡು ಬೇಸಿಗೆ ಹಿಡಿಯಿತು.

ಮೊದಲು ಸುಲಭದ ದಾರಿ ನೋಡಿದೆ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಯಿಸಿ ಅಳೆದ ಎತ್ತರದ ಮಾಹಿತಿ ಬಿಟ್ಟಿ ಸಿಗುತ್ತದೆ ಅಲ್ವಾ, ಅದನ್ನು ಇಳಿಸಿಕೊಂಡೆ. ಸುತ್ತಲಿನ ಗುಡ್ಡವೆಲ್ಲ ಚೆಂದ, ಹಿನ್ನೀರಿನ ಜಾಗ ಮಾತ್ರ ತಟ್ಟೆಯ ಹಾಗೆ ಸಪಾಟು. ರೇಡಾರ್ ನೀರಿನ ಮೇಲ್ಮೈ ನೋಡುತ್ತದೆ, ತಳವನ್ನಲ್ಲ. ಒಂದು ದಿನ ದಂಡ.

ಆಮೇಲೆ ಇಂಚಿಗೊಂದು ಮೈಲಿಯ ಹಳೇ ಸರ್ವೆ ನಕ್ಷೆ ಹಿಡಿದೆ. ಅದನ್ನು ಸ್ಕ್ಯಾನ್ ಮಾಡಿ, ಅಂಚಿನಲ್ಲಿ ಅಚ್ಚಾದ ಅಕ್ಷಾಂಶ ರೇಖಾಂಶವನ್ನು ಹಾಗೇ ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಕೊಟ್ಟೆ. ಹೊಳೆ ಹೋಗಿ ಗುಡ್ಡ ಹತ್ತಿ ಕೂತಿತು! ಹಳೇ ನಕ್ಷೆಗಳ ಲೆಕ್ಕ ಎವರೆಸ್ಟ್ ಗೋಳ ಅನ್ನೋ, ಭೂಮಿಯ ಆಕಾರದ ಹಳೇ ಅಳತೆಯದ್ದು, ಈಗಿನ ಜಿಪಿಎಸ್‌ನದ್ದು ಬೇರೆ. ಇದನ್ನು ಸರಿ ಮಾಡದಿದ್ದರೆ ನಮ್ಮ ಕಡೆ ನೂರು ಮೀಟರ್‌ಗೂ ಜಾಸ್ತಿ ಜರುಗುತ್ತದೆ. ಗೊತ್ತಿದ್ದೂ ಮರೆತಿದ್ದೆ.

ಅಮೆರಿಕದ ಕೊರೋನಾ ಬೇಹುಗಾರಿಕೆ ಉಪಗ್ರಹದ ಫೋಟೊಗಳನ್ನೂ ಹುಡುಕಿದೆ. ಅವು 1972ರವರೆಗಿನವು, 1995ರಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು. ನನಗೆ ಸಿಕ್ಕ ಚಿತ್ರದಲ್ಲಿ ಅರ್ಧ ಮೋಡ, ಕೊಡಗು ನೋಡಿ. ಉಳಿದರ್ಧದಲ್ಲಿ ನಕ್ಷೆಯ ನೀಲಿ ಗೆರೆಯಿಂದ ದೂರದಲ್ಲಿ, ಗದ್ದೆಗಳ ನಡುವೆ, ಕುಡುಗೋಲಿನಂಥ ಒಂದು ಮಸುಕು ಬಾಗು ಕಂಡಿತು.

ಅದು ಏನು ಅಂತ ನೋಡಲೇಬೇಕಿತ್ತು. ಮೇ ತಿಂಗಳಲ್ಲಿ ನೀರು ಕೆಳಗಿಳಿದಾಗ, ಅನುಮತಿ ಪಡೆದು, ಎಂಟಡಿ ಕಬ್ಬಿಣದ ಸಲಾಕೆ ಹೊತ್ತು ಇಳಿದೆ. ಮೇಲೆಲ್ಲ ಬಿರುಕು ಬಿಟ್ಟ ಕೆಸರು, 2018ರ ಭೂಕುಸಿತದ ಮಣ್ಣೂ ಸೇರಿಕೊಂಡಿದೆ. ಕಾಲಿಟ್ಟರೆ ಮೊಣಕಾಲವರೆಗೆ. ಹತ್ತು ಹೆಜ್ಜೆಗೊಮ್ಮೆ ಸಲಾಕೆ ಚುಚ್ಚುತ್ತ ಹೋದೆ. ಹಳೇ ಗದ್ದೆಯಿದ್ದಲ್ಲಿ ಎರಡಡಿಗೇ ಗಟ್ಟಿ ಜೇಡಿಗೆ ಕಚ್ಚಿಕೊಳ್ಳುತ್ತದೆ, ಕೀಳಲು ಇಬ್ಬರು ಬೇಕು. ಬಾಗಿನ ಜಾಗದಲ್ಲಿ ಸಲೀಸಾಗಿ ಐದಾರಡಿ ಇಳಿದು ಕರಕರ ಅಂದಿತು, ಮರಳು. ಇನ್ನೂ ಒತ್ತಿದರೆ ಠಕ್ ಅಂತ ನಿಂತಿತು. ಗುಂಡುಕಲ್ಲು. ಆ ಠಕ್ ಕೇಳಲು ಬೆಳಗ್ಗೆಯಿಂದ ಚುಚ್ಚಿದ್ದೆ ಅನ್ನಿ.

ಅಂದರೆ ಹೊಳೆ ಒಂದು ಕಾಲಕ್ಕೆ ಅಲ್ಲೂ ಹರಿದಿತ್ತು. ಹಾಗಾದರೆ ಡ್ಯಾಮಿಗೆ ಮುಂಚಿನ ಸಹಜ ಪಾತ್ರ ಯಾವುದು, ನೀಲಿ ಗೆರೆಯೋ ಈ ಬಾಗೋ? ಒಂದೇ ಗೆರೆ ಎಳೆಯುವ ಆಸೆ ಅಲ್ಲಿಗೆ ಬಿಟ್ಟೆ. ಸರ್ವೆಯವನು ಬಂದ ವರ್ಷ ಹೊಳೆ ಎಲ್ಲಿತ್ತೋ ಅದನ್ನು ಬರೆದ, ಅಷ್ಟೇ. ನಾನು ಬಾಗಿನಿಂದ ಗೆರೆಯವರೆಗಿನ ಇಡೀ ಪಟ್ಟಿಗೆ ತೆಳು ನೀಲಿ ಬಳಿದೆ. ಸಲಾಕೆ ಚುಚ್ಚಿ ಖಚಿತವಾದಲ್ಲಿ ಮಾತ್ರ ಗಾಢ ಬಣ್ಣ, ಅಂದಾಜಿನಲ್ಲಿ ಚುಕ್ಕಿ ಗೆರೆ.

ಪ್ರಿಂಟ್ ತೆಗೆದು, ಗದ್ದೆ ಮುಳುಗಿದ ಮೇಲೆ ಮೇಲಕ್ಕೆ ಬಂದು ನೆಲೆಸಿದ ಅಜ್ಜನೊಬ್ಬರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಸುಮಾರು ಹೊತ್ತು ನೋಡಿದರು.

"ಬಾಗು ಸರಿ. ಅದನ್ನ ನಾವು ಸತ್ತ ಹೊಳೆ ಅಂತಿದ್ವಿ. ಕಯ ಎಲ್ಲಿ ಹಾಕಿದ್ದೀಯ?"

"ಯಾವ ಕಯ, ಅಜ್ಜ?"

"ಎಮ್ಮೆ ಮೀಯಿಸ್ತಿದ್ದ ಮಡು." ಉಗುರಿನಿಂದ ಒತ್ತಿ ಜಾಗ ತೋರಿಸಿದರು. ನನ್ನ ಎರಡು ಸಲಾಕೆ ಗುರುತಿನ ನಡುವೆ, ನಾನು ದಾಟಿಹೋದ ಹತ್ತು ಹೆಜ್ಜೆಯಲ್ಲಿ. ಈಗ ಅಲ್ಲಿ ಚುಕ್ಕಿ ಗೆರೆಯ ಒಂದು ಸೊನ್ನೆ ಇದೆ. ಮುಂದಿನ ಮೇನಲ್ಲಿ ಸಲಾಕೆ ಅಲ್ಲೇ ಮೊದಲು.